ಒಳಮಾತು ಮರೆತ ದಿನ

ನಮ್ಮ ಊರಿನಲ್ಲಿ ಫೋನಿನೊಳಗೆ ಎಲ್ಲರ ದನಿಯೂ ಒಂದೇ. ಹೆಂಗಸಾಗಲಿ, ಗಂಡಸಾಗಲಿ, ಆಗತಾನೇ ಮಾತು ಕಲಿತ ಮಗುವಾಗಲಿ, ಹಲ್ಲುದುರಿದ ಮುದುಕರಾಗಲಿ, ರಿಸೀವರು ಕಿವಿಗಿಟ್ಟುಕೊಂಡರೆ ಕೇಳಿಸುವುದು ಅದೊಂದೇ ದನಿ. ಸ್ವಲ್ಪ ತಗ್ಗಿದ, ಸ್ವಲ್ಪ ಒರಟಾದ, ಈಗಷ್ಟೇ ನಿದ್ದೆಯಿಂದ ಎದ್ದವರ ದನಿ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯರಿಗೆ ಮೊದಲ ವಾರ ಗಾಬರಿಯಾಗುತ್ತದೆ. ಗಂಡ ಅಂಗಡಿಯಿಂದ ಮಾಡಿದರೂ ಅದೇ, ಅತ್ತೆ ನೆಂಟರ ಮನೆಯಿಂದ ಮಾಡಿದರೂ ಅದೇ. ಆಮೇಲೆ ಅವರಿಗೂ ರೂಢಿಯಾಗಿಬಿಡುತ್ತದೆ. ತವರಿಗೆ ಹೋದಾಗ ಫೋನಿನಲ್ಲಿ ಒಬ್ಬೊಬ್ಬರದು ಒಂದೊಂದು ದನಿ ಕೇಳಿ ತಲೆ ಚಿಟ್ಟುಹಿಡಿಯಿತು ಎಂದು ಹಿಂದಿರುಗಿ ಬಂದು ಹೇಳುತ್ತಾರೆ.

ಹೀಗಿರುವುದರಿಂದ ನಮ್ಮಲ್ಲಿ ಪ್ರತಿ ಮನೆಗೂ ಒಂದು ಒಳಮಾತು ಇರುತ್ತದೆ. ಫೋನು ಎತ್ತಿದವರು ಒಂದು ಪ್ರಶ್ನೆ ಕೇಳಬೇಕು, ಮಾಡಿದವರು ಅದಕ್ಕೆ ಮನೆಯವರಿಗೆ ಗೊತ್ತಿರುವ ಉತ್ತರ ಕೊಡಬೇಕು. ಕಳ್ಳರಿಗೆ ಹೆದರಿ ಮಾಡಿಕೊಂಡ ಏರ್ಪಾಡಲ್ಲ ಅದು. ತನ್ನ ಗಂಡನೆಂದುಕೊಂಡು ಯಾರೂ ಪಕ್ಕದ ಮನೆಯವನನ್ನು ಬಯ್ಯದಿರಲಿ ಎಂದು, ಅಷ್ಟೇ. ನಮ್ಮ ಮನೆಯ ಒಳಮಾತು ದೊಡ್ಡಮ್ಮನ ಅತ್ತೆಯ ಕಾಲದ್ದು. ‘ಬಾಗಿಲಲ್ಲಿ ಯಾರು?’ ಎಂದರೆ ‘ನಿನ್ನೆ ಬಂದವಳೇ’ ಅನ್ನಬೇಕು. ದೊಡ್ಡಪ್ಪನೂ ಸಾಯುವ ತನಕ ‘ಬಂದವಳೇ’ ಎಂದೇ ಅನ್ನುತ್ತಿದ್ದರು. ಅವರ ಕಚೇರಿಯಲ್ಲಿ ಅದನ್ನು ಕೇಳಿಸಿಕೊಂಡವರು ನಗುತ್ತಿದ್ದರಂತೆ.

ದೊಡ್ಡಮ್ಮನ ಹೆಸರು ಸಾಕಮ್ಮ. ನನ್ನ ತಾಯಿಯ ಅಕ್ಕ. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದಾದಿಯಾಗಿದ್ದವಳು. ನನಗೆ ಒಂಬತ್ತು ತುಂಬಿದಾಗ ತಾಯಿ ತೀರಿಕೊಂಡಳು. ಅಂದಿನಿಂದ ನಾನು ದೊಡ್ಡಮ್ಮನ ಮಗಳು. ನಾನು ಮದುವೆಯಾಗಲಿಲ್ಲ, ಅವಳಿಗೆ ಬೇರೆ ಮಕ್ಕಳಿಲ್ಲ. ಕಂಚುಗಾರರ ಬೀದಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೇ. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ಶಾಲೆಯ ಮಕ್ಕಳ ಸಮವಸ್ತ್ರ, ಬ್ಯಾಂಡಿನವರ ಕೆಂಪು ಕೋಟು, ಇಂಥವು. ಮನೆಯಿಂದ ಕಾಲು ಗಂಟೆಯ ನಡಿಗೆ.

ದೊಡ್ಡಮ್ಮನಿಗೆ ಎಪ್ಪತ್ತೇಳಾಗಿದ್ದರೂ ದಿನವೆಲ್ಲ ಫೋನು ಬರುತ್ತಿತ್ತು. ಬಸುರಿಯರು, ಬಾಣಂತಿಯರು, ಬಾಣಂತಿಯರ ಅಮ್ಮಂದಿರು. ಅವರಿಗೆಲ್ಲ ನಮ್ಮ ಒಳಮಾತು ಎಲ್ಲಿ ಗೊತ್ತು? ದೊಡ್ಡಮ್ಮ ಅವರನ್ನು ಅದನ್ನು ಕೇಳುತ್ತಲೂ ಇರಲಿಲ್ಲ. “ಎಷ್ಟನೇದಮ್ಮ ಇದು?” ಅನ್ನುವಳು. “ಮೊದಲನೇದು ಕಾಲು ಮುಂದಾಗಿ ಬಂದಿತ್ತಲ್ಲ, ಆ ಮನೆಯೋರಾ?” ಅನ್ನುವಳು. ಮೂರು ಮಾತಿನಲ್ಲಿ ಅವಳಿಗೆ ಆಳು ತಿಳಿದುಹೋಗುತ್ತಿತ್ತು. ಮಗು ಹಾಲು ಕಕ್ಕುತ್ತದೆ, ಹೊಕ್ಕುಳು ಒಣಗಿಲ್ಲ, ಗಂಡನ ಮನೆಯವರು ತವರಿಗೆ ಕಳಿಸುತ್ತಿಲ್ಲ. ಎಲ್ಲಕ್ಕೂ ಅವಳಲ್ಲಿ ಮಾತಿತ್ತು.

ಹೋದ ವರ್ಷ ಶ್ರಾವಣ ಕಳೆದ ಮೇಲೆ ಊರಿಗೆ ಬೇರೆ ಬಗೆಯ ಫೋನುಗಳು ಬರತೊಡಗಿದವು. ಮೊದಲು ಸಿಕ್ಕಿಬಿದ್ದವರು ನಮ್ಮಿಂದ ಎರಡು ಬೀದಿ ಆಚೆಯ ಡ್ರಾಯಿಂಗ್ ಮೇಷ್ಟ್ರು ಮರುಳಯ್ಯನವರು. ನನಗೂ ಚಿತ್ರ ಕಲಿಸಿದವರು, ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದವರು. ಒಂದು ಬೆಳಗ್ಗೆ ಅವರಿಗೆ ಫೋನು ಬಂತು. “ಅಪ್ಪಾ, ನಾನು ನಿಮ್ಮ ಮಗಳು. ದೊಡ್ಡ ತೊಂದರೇಲಿ ಸಿಕ್ಕೊಂಡಿದ್ದೀನಿ. ಯಾರಿಗೂ ಹೇಳ್ಬೇಡಿ, ಫೋನ್ ಇಡ್ಬೇಡಿ. ಬಾಗಿಲಿಗೆ ಒಬ್ರು ಬರ್ತಾರೆ, ಅಮ್ಮನ ಕಾಸಿನ ಸರ ಅವರ ಕೈಗೆ ಕೊಟ್ಬಿಡಿ.” ಮೇಷ್ಟ್ರು ಒಳಮಾತು ಕೇಳಿದ್ದರು. ಆಚೆ ಕಡೆಯ ದನಿ ಅತ್ತುಬಿಟ್ಟಿತು. “ಇಂಥ ಹೊತ್ತಲ್ಲಿ ಅದನ್ನ ಕೇಳ್ತೀರಲ್ಲಪ್ಪಾ.” ಅಳುತ್ತಿರುವ ಮಗಳನ್ನು ಎರಡನೇ ಸಲ ಕೇಳಲು ಅವರಿಗೆ ಬಾಯಿ ಬರಲಿಲ್ಲ. ಸರ ಹೋಯಿತು. ಮಗಳು ತನ್ನ ಊರಿನಲ್ಲಿ ಹಪ್ಪಳ ಒಣಗಿಸುತ್ತ ಆರಾಮವಾಗಿದ್ದಳು. ಅಂದಿನಿಂದ ಮೇಷ್ಟ್ರು ಮನೆಯಿಂದ ಆಚೆ ಬರುವುದನ್ನು ಬಿಟ್ಟರು. ಹಾಲಿನವನಿಗೂ ಬಾಗಿಲ ಸಂದಿಯಿಂದಲೇ ಪಾತ್ರೆ ಚಾಚುತ್ತಾರೆ ಎಂದು ಜನ ಆಡಿಕೊಂಡರು.

ಆಮೇಲೆ ಒಂದರ ಹಿಂದೊಂದು. ಎಲ್ಲರೂ ವಯಸ್ಸಾದವರೇ. ಊರಿನ ಛತ್ರದಲ್ಲಿ ಸಭೆ ಸೇರಿತು. ಎಲ್ಲರೂ ಒಳಮಾತು ಬದಲಾಯಿಸಿ, ಅದನ್ನು ಹೇಳದವರ ಫೋನು ತಕ್ಷಣ ಇಟ್ಟುಬಿಡಿ, ನಿಮ್ಮ ಮನೆಯ ಹಿರಿಯರ ಮೇಲೆ ಒಂದು ಕಣ್ಣಿರಲಿ ಎಂದರು. ನಾನು ಮುಂದಿನ ಸಾಲಿನಲ್ಲಿಯೇ ಕುಳಿತು ಎಲ್ಲವನ್ನೂ ಬರೆದುಕೊಂಡೆ. ಮನೆಗೆ ಬಂದವಳೇ ದೊಡ್ಡಮ್ಮನನ್ನು ಕೂರಿಸಿ ನಿಯಮಗಳನ್ನು ಓದಿದೆ. ಹಳೆಯ ಒಳಮಾತು ಊರಿಗೆಲ್ಲ ಗೊತ್ತು, ಇನ್ನು ಅದು ಬೇಡ. ಪ್ರಶ್ನೆ ಅದೇ ಇರಲಿ, ಉತ್ತರ ಪ್ರತಿ ಸೋಮವಾರ ಹೊಸದು. ಬರೆದಿಡಕೂಡದು, ನೆನಪಿನಲ್ಲಿರಬೇಕು. ಅದನ್ನು ಹೇಳದವರ ಜೊತೆ ಒಂದು ಮಾತೂ ಇಲ್ಲ.

“ನೋವು ತಿನ್ನುತಾ ಇರೋಳು ನಿನ್ನ ಸೋಮವಾರದ ಮಾತು ಹೇಳ್ತಾಳೇನೆ?” ಎಂದಳು ದೊಡ್ಡಮ್ಮ.

“ಅವರಿಗೆಲ್ಲ ಆಸ್ಪತ್ರೆ ಇದೆ ದೊಡ್ಡಮ್ಮ. ಡಾಕ್ಟರಿದ್ದಾರೆ.”

“ಡಾಕ್ಟರನ್ನ ಕೇಳಕ್ಕೆ ನಾಚಿಕೆ ಆಗೋದನ್ನೇ ಅಲ್ವೇ ನನ್ನ ಕೇಳೋದು.”

“ಮೇಷ್ಟ್ರ ಗತಿ ನೋಡಿದ್ಯಲ್ಲ? ನಾಳೆ ನಿಂಗೂ ಹಂಗೇ ಆದ್ರೆ?”

ಅವಳು ಕಾಲ ಮೇಲೆ ಸೀರೆ ಸರಿಮಾಡಿಕೊಂಡು, “ಆಯ್ತು ಬಿಡು” ಎಂದಳು. ಆದರೆ ಮಾರನೇ ದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಯಾರಿಗೋ ಬಾಣಂತಿ ಖಾರ ಕುಟ್ಟುವುದು ಹೇಗೆಂದು ಅರ್ಧ ಗಂಟೆಯಿಂದ ಹೇಳುತ್ತಿದ್ದಳು. ಕೇಳಿದರೆ, “ಅವಳು ಕುಂಬಾರಗೇರಿ ಹುಡುಗಿ ಕಣೆ, ನಂಗೊತ್ತಿಲ್ವೇ” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಒಳ್ಳೆಯದಕ್ಕೇ ಅಲ್ಲವೇ ನಾನು ಹೇಳುವುದು? ಒಂದು ಸಲ ಬಿಸಿ ಮುಟ್ಟಿದರೆ ಬುದ್ಧಿ ಬರುತ್ತದೆ ಎಂದುಕೊಂಡೆ. ಆಮೇಲೆ ನಾನು ಮಾಡಿದ್ದನ್ನು ಯಾರ ಬಳಿಯೂ ಪೂರ್ತಿಯಾಗಿ ಹೇಳಿಕೊಂಡಿಲ್ಲ. ಇಲ್ಲಿ ಹೇಳುತ್ತೇನೆ.

ಎರಡು ದಿನ ಬಿಟ್ಟು, ಹನ್ನೆರಡು ಗಂಟೆಯ ಸುಮಾರಿಗೆ ಅಂಗಡಿಯಿಂದ ಮನೆಗೆ ಫೋನು ಮಾಡಿದೆ. ಹೆಸರು ಹೇಳಿದೆ, ಒಳಮಾತು ಹೇಳಲಿಲ್ಲ. “ದೊಡ್ಡಮ್ಮಾ, ನಾನು ಕುಮುದ. ನನ್ನ ಪೊಲೀಸ್ ಠಾಣೇಲಿ ಕೂರಿಸಿದ್ದಾರೆ” ಎಂದು ಅಳತೊಡಗಿದೆ. ಅಳುವುದು ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಫೋನಿನ ಆ ದನಿ ಅಳುವಿಗೆಂದೇ ಮಾಡಿಟ್ಟಂತಿತ್ತು. “ನಿನ್ನ ಬಳೆ, ಸರ ಎಲ್ಲ ಬಟ್ಟೇಲಿ ಕಟ್ಟಿಡು. ಬಾಗಿಲಿಗೆ ಒಬ್ಬ ಬರ್ತಾನೆ, ಅವನ ಕೈಗೆ ಕೊಡು. ಯಾರಿಗೂ ಹೇಳ್ಬೇಡ.” ಅವಳು ಒಳಮಾತು ಕೇಳುತ್ತಾಳೇನೋ ಎಂದು ಕಾದೆ. ಕೇಳಲಿಲ್ಲ. “ಅಳಬೇಡ ಮಗಾ, ಅಳಬೇಡ” ಎಂದಳು. ನಾನು ಫೋನು ಇಟ್ಟೆ. ಸಿಕ್ಕಿಬಿದ್ದಳು ಎಂದು ಒಂದು ಬಗೆಯ ಗೆಲುವೂ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಕೈಯಲ್ಲಿದ್ದ ಕಾಲರು ಹೊಲಿದು ಮುಗಿಸಿ, ಬಯ್ಯಬೇಕಾದ ಮಾತುಗಳನ್ನು ಹೊಂದಿಸಿಕೊಂಡು ಮನೆಗೆ ಹೊರಟೆ.

ಬಾಗಿಲು ಹಾರುಹೊಡೆದಿತ್ತು. ಒಲೆ ಆರಿಸಿರಲಿಲ್ಲ, ಸಾರು ಇಂಗಿ ತಳ ಹಿಡಿದಿತ್ತು. ಅವಳ ಚಪ್ಪಲಿ ಮೆಟ್ಟಿಲ ಬಳಿಯೇ ಇದ್ದವು. ಅಲ್ಲಿಂದಲೇ ಠಾಣೆಯ ಕಡೆ ಓಡಿದೆ.

ಠಾಣೆಯ ಮೆಟ್ಟಿಲ ಮೇಲೆ ಸಿಕ್ಕಳು. ಬರಿಗಾಲಲ್ಲಿ, ಆ ಬಿಸಿಲಿನಲ್ಲಿ, ಊರಿನ ಆ ತುದಿಯವರೆಗೂ ಹೋಗಿದ್ದಳು. ಅಂಗಾಲುಗಳಲ್ಲಿ ಬೊಬ್ಬೆ ಎದ್ದಿದ್ದವು. ಗಂಟನ್ನು ಸೆರಗಿನೊಳಗೆ ಎದೆಗೊತ್ತಿ ಹಿಡಿದಿದ್ದಳು. ಒಬ್ಬ ಮಹಿಳಾ ಪೇದೆ ಅವಳಿಗೆ ನೀರು ಕುಡಿಸುತ್ತ, “ಅಂಥ ಹೆಸರಿನೋರು ಯಾರೂ ಇಲ್ಲಿಲ್ಲ ಅಜ್ಜೀ, ಇಲ್ಲ ಅಂದ್ರೆ ಇಲ್ಲ” ಎನ್ನುತ್ತಿದ್ದಳು. ನನ್ನನ್ನು ಕಂಡು ದೊಡ್ಡಮ್ಮ ಎದ್ದುನಿಂತಳು. ನನ್ನ ತೋಳು, ಬೆನ್ನು, ಮುಖ ಎಲ್ಲ ಸವರಿ ನೋಡಿದಳು.

“ಹೊಡೆದ್ರಾ?” ಎಂದಳು.

ಅಷ್ಟು ಜನರ ಎದುರಿಗೆ ನಾನು ಹೇಳಿದೆ. “ನಾನೇ ಫೋನ್ ಮಾಡಿದ್ದು ದೊಡ್ಡಮ್ಮ. ನೀನು ಒಳಮಾತು ಕೇಳ್ತೀಯೋ ಇಲ್ವೋ ನೋಡಕ್ಕೆ.”

ನನ್ನ ಮುಖ ಸವರುತ್ತಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಆಮೇಲೆ, “ಹಂಗಾದ್ರೆ ಆ ಅಳು?” ಎಂದಳು.

“ಅದೂ ಸುಳ್ಳೇ.”

ಅವಳು ಪೇದೆಗೆ ಕೈಮುಗಿದು, ಗಂಟನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿದಳು. ಆಟೋ ಕರೆಯುತ್ತೇನೆ ಎಂದೆ. ನಡೆಯುತ್ತೇನೆ ಎಂದಳು. ನನ್ನ ಚಪ್ಪಲಿ ಬಿಟ್ಟುಕೊಟ್ಟೆ, ಹಾಕಿಕೊಳ್ಳಲಿಲ್ಲ.

ಅಂದಿನಿಂದ ದೊಡ್ಡಮ್ಮ ನನ್ನ ನಿಯಮಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದಳು. ಫೋನು ಬಂದರೆ ಎತ್ತಿ, ಪ್ರಶ್ನೆ ಕೇಳಿ, ಉತ್ತರ ಬರದಿದ್ದರೆ ಇಟ್ಟುಬಿಡುವಳು. ಆಚೆ ಕಡೆಯವರು “ಸಾಕಮ್ಮಾ, ನಾನು ಕುಂಬಾರಗೇರಿಯಿಂದ” ಎನ್ನುತ್ತಿದ್ದರೂ ಇಡುವಳು. ಹದಿನೈದು ದಿನದಲ್ಲಿ ಫೋನುಗಳು ಕಡಿಮೆಯಾದವು, ತಿಂಗಳೊಪ್ಪತ್ತಿನಲ್ಲಿ ನಿಂತೇಹೋದವು. ನನಗೆ ನೆಮ್ಮದಿಯಾಗಬೇಕಿತ್ತು. ಸಂಜೆ ಮನೆಗೆ ಬಂದರೆ ಅವಳು ಕಿಟಕಿಯ ಬಳಿ ಸುಮ್ಮನೆ ಕುಳಿತಿರುವಳು. ಊಟ ಬಡಿಸುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು. ಸಿಟ್ಟು ಮಾಡಿಕೊಂಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಸೋಮವಾರ ಬೆಳಗ್ಗೆ ಹೊಸ ಒಳಮಾತು ಹೇಳಿಕೊಟ್ಟಾಗ ಶಾಲೆಯ ಮಗುವಿನಂತೆ ಎರಡು ಸಲ ಹೇಳಿ ಒಪ್ಪಿಸುವಳು. ಒಂದು ವಾರ ‘ನುಗ್ಗೆ’, ಇನ್ನೊಂದು ವಾರ ‘ತಕ್ಕಡಿ’, ಮತ್ತೊಂದು ವಾರ ‘ಕಣಗಿಲೆ’.

ಕಾರ್ತಿಕದಲ್ಲಿ ಒಂದು ಗುರುವಾರ. ಬ್ಯಾಂಡಿನವರಿಗೆ ಅಂದು ಸಂಜೆಯೊಳಗೆ ಐದು ಕೋಟು ಕೊಡಬೇಕಿತ್ತು. ನಾನು ತಲೆಯೆತ್ತದೆ ಗುಂಡಿ ಹಾಕುತ್ತಿದ್ದೆ. ಎರಡು ಗಂಟೆಗೆ ಅಂಗಡಿಯ ಫೋನು ಬಂತು.

“ಕುಮುದಾ, ನಾನು ಕಣೆ. ಬಚ್ಚಲ ಹತ್ರ ಬಿದ್ಬಿಟ್ಟೆ. ಏಳಕ್ಕಾಗ್ತಿಲ್ಲ.”

“ಬಾಗಿಲಲ್ಲಿ ಯಾರು?” ಎಂದೆ.

ಆಚೆ ಕಡೆ ತಡವರಿಸಿತು. ಆಮೇಲೆ, “ನಿನ್ನೆ ಬಂದವಳೇ” ಎಂದಿತು ದನಿ.

“ಅದು ಹಳೇದು. ಊರಿಗೆಲ್ಲ ಗೊತ್ತು” ಎಂದು ಇಟ್ಟುಬಿಟ್ಟೆ. ಕಳ್ಳರು ಕೊನೆಗೂ ನಮ್ಮ ಮನೆಯ ತನಕ ಬಂದರಲ್ಲ ಎಂದುಕೊಂಡೆ. ಎರಡು ನಿಮಿಷಕ್ಕೆ ಮತ್ತೆ ಬಂತು. “ಈ ವಾರದ್ದು ನೆನಪಾಗ್ತಿಲ್ಲ ಮಗಾ. ಯಾವುದೋ ಗಿಡದ ಹೆಸರು.” ಆಗ ನನಗೆ ಬೇರೆಯೇ ಹೊಳೆಯಿತು. ಇದು ದೊಡ್ಡಮ್ಮನೇ. ನಾನು ಅಂದು ಮಾಡಿದ್ದಕ್ಕೆ ಇಂದು ತಿರುಗಿ ಮಾಡುತ್ತಿದ್ದಾಳೆ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ. ನನಗೆ ನಗು ಬಂತು, ಹಿಂದೆಯೇ ರೇಗಿತು. ಇಷ್ಟು ಕೆಲಸದ ನಡುವೆ! “ಸಾಕು ದೊಡ್ಡಮ್ಮ. ನಾನು ನಿನ್ನ ಹಾಗೆ ಮೋಸ ಹೋಗೋಳಲ್ಲ” ಎಂದು ರಿಸೀವರನ್ನು ಕೆಳಗಿಡದೆ, ಪಕ್ಕದಲ್ಲಿದ್ದ ಬಟ್ಟೆಯ ರಾಶಿಯ ಮೇಲೆ ಮಲಗಿಸಿಬಿಟ್ಟೆ. ಸಂಜೆಯ ತನಕ ಅದು ಅಲ್ಲಿಯೇ ಇತ್ತು.

ಕೋಟು ಕೊಟ್ಟು, ಅಂಗಡಿ ಮುಚ್ಚಿ, ದಾರಿಯಲ್ಲಿ ಅವಳಿಗೆ ಇಷ್ಟವೆಂದು ಸೀಬೆಹಣ್ಣು ಕೊಂಡು ಆರು ಗಂಟೆಗೆ ಮನೆಗೆ ಬಂದೆ. ಬಾಗಿಲ ಚಿಲಕ ಕಿತ್ತು ನೇತಾಡುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಬಚ್ಚಲ ಹತ್ತಿರದಿಂದ ನಡುಮನೆಯ ಫೋನಿನವರೆಗೂ ನೆಲದ ಮೇಲೆ ಒದ್ದೆ ಸೀರೆ ಎಳೆದುಕೊಂಡು ಬಂದ ಗುರುತು ಒಣಗಿತ್ತು. ಕೆಳಗಿನ ಮನೆಯಾಕೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. “ಎಲ್ಲಿ ಹೋಗಿದ್ರಿ ಕುಮುದಮ್ಮ? ನಾನೂ ಸಂತೆಗೆ ಹೋಗ್ಬಿಟ್ಟಿದ್ದೆ. ಸಾಕಮ್ಮೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ. ಮೇಷ್ಟ್ರು.”

ಆಸ್ಪತ್ರೆಯ ಮೊಗಸಾಲೆಯಲ್ಲಿ ಮರುಳಯ್ಯ ಮೇಷ್ಟ್ರು ಬೆಂಚಿನ ಮೇಲೆ ಕುಳಿತಿದ್ದರು. ಗಡ್ಡ ಬಿಟ್ಟಿದ್ದರು. ಮೂರು ತಿಂಗಳ ಮೇಲೆ ಅವರನ್ನು ನೋಡಿದ್ದು. ಅಂಗಿಯ ತೋಳು ಹರಿದು, ಮೊಣಕೈ ತರಚಿತ್ತು. ಬಾಗಿಲಿಗೆ ಹೆಗಲು ಕೊಟ್ಟಿದ್ದರಂತೆ.

“ತೊಡೆ ಮೂಳೆ ಮುರಿದಿದೆ. ನಾಳೆ ಆಪರೇಷನ್ನು. ಜೀವಕ್ಕೇನೂ ಇಲ್ಲ, ಹೆದರ್ಬೇಡ” ಎಂದರು. “ನಿನ್ನ ಅಂಗಡಿಗೆ ಮಾಡಿದ್ರಂತೆ, ಸಿಗ್ಲಿಲ್ಲವಂತೆ. ಆಮೇಲೆ ನಂಗೆ ಮಾಡಿದ್ರು.”

‘ಸಿಗಲಿಲ್ಲ’ ಎಂದು ಹೇಳಿದ್ದಳು ದೊಡ್ಡಮ್ಮ. ಅಷ್ಟೇ ಹೇಳಿದ್ದಳು.

“ನಿಮಗೆ ನಮ್ಮ ಮನೆ ಒಳಮಾತು ಗೊತ್ತಿಲ್ವಲ್ಲ ಮೇಷ್ಟ್ರೇ. ಯಾರು ಅಂತ ಹೇಗೆ ನಂಬಿದ್ರಿ?”

“ನಂಬಲಿಲ್ಲ” ಎಂದರು. “ಸುಳ್ಳು ಅಂತಲೇ ಅನ್ನಿಸ್ತು. ಮತ್ತೆ ಮೋಸ ಹೋಗ್ತಿದ್ದೀನಿ ಅಂತ ಕೈಕಾಲೆಲ್ಲ ತಣ್ಣಗಾಯ್ತು. ಆದ್ರೂ ಯೋಚನೆ ಮಾಡಿದೆ. ಅಲ್ಲಿಂದ ಏನೂ ಕೇಳಲಿಲ್ಲವಲ್ಲ, ಬಾ ಅಂತಷ್ಟೇ ತಾನೇ ಅಂದಿದ್ದು. ಸುಳ್ಳಾದ್ರೆ ಎರಡು ಬೀದಿ ನಡೆದಂಗಾಗುತ್ತೆ, ಅಷ್ಟೆ.” ತರಚಿದ ಮೊಣಕೈ ಸವರಿಕೊಂಡು ಹೇಳಿದರು. “ಅವತ್ತು ನಾನು ಮಾಡಬೇಕಾಗಿದ್ದೂ ಇಷ್ಟೇ ಕಣಮ್ಮ. ಸರ ಕೊಡೋ ಮುಂಚೆ ಬಸ್ ಹತ್ತಿ ಮಗಳನ್ನ ನೋಡ್ಕೊಂಡು ಬರಬೇಕಾಗಿತ್ತು.”

ನಾನು ಗೋಡೆಗೊರಗಿ ನಿಂತೆ. ಠಾಣೆಯ ಮೆಟ್ಟಿಲುಗಳು ಕಣ್ಣ ಮುಂದೆ ಬಂದವು. ಬಾಗಿಲಿಗೆ ಬರುವವನ ಕೈಗೆ ಗಂಟು ಕೊಡು ಎಂದು ನಾನು ಹೇಳಿದ್ದೆ. ಅವಳು ಬಾಗಿಲಲ್ಲಿ ಕಾಯಲಿಲ್ಲ. ಯಾರ ಕೈಗೂ ಕೊಡಲಿಲ್ಲ. ಗಂಟನ್ನು ಎದೆಗೊತ್ತಿಕೊಂಡು, ನಾನೆಲ್ಲಿದ್ದೇನೆಂದು ಹೇಳಿದೆನೋ ಅಲ್ಲಿಗೇ ನಡೆದುಬಂದಳು. ನಿಜವಾದ ಕಳ್ಳ ಅಂದು ಫೋನು ಮಾಡಿದ್ದರೂ ಅವನಿಗೆ ನಮ್ಮ ಮನೆಯಿಂದ ಒಂದು ಗುಂಜಿಯೂ ದಕ್ಕುತ್ತಿರಲಿಲ್ಲ. ನಾನಿಟ್ಟ ಪರೀಕ್ಷೆಯಲ್ಲಿ ಅವಳು ಸೋತಳೆಂದು ನಾನು ಎರಡು ತಿಂಗಳು ತಿಳಿದುಕೊಂಡಿದ್ದೆ.

ಮಾರನೇ ದಿನ ಆಪರೇಷನ್ ಆಗಿ, ಅದರ ಮಾರನೇ ದಿನ ಅವಳು ನೆಟ್ಟಗೆ ಕಣ್ಣುಬಿಟ್ಟು ಮಾತಾಡುವಂತಾದಳು. ಅವಳು ಕೆಲಸ ಮಾಡಿದ ಆಸ್ಪತ್ರೆಯಲ್ಲ ಅದು, ಆದರೂ ಅಲ್ಲಿನ ಎಳೆಯ ನರ್ಸೊಬ್ಬಳು ಇವಳ ಕೈಯಲ್ಲೇ ಹುಟ್ಟಿದವಳಂತೆ. ಮಂಚದ ಪಕ್ಕ ಕುಳಿತು ನಾನು ಗಂಜಿ ಕುಡಿಸಿದೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ, “ದೊಡ್ಡಮ್ಮ, ಅವತ್ತು ಫೋನು…” ಎಂದೆ.

“ನೀನು ಸರಿಯಾಗೇ ಮಾಡ್ದೆ. ಮಾತು ಹೇಳದೋರ ಫೋನು ಇಡಬೇಕು ಅಂತ ನಾವೇ ಮಾಡ್ಕೊಂಡಿದ್ದಲ್ವೇ” ಎಂದಳು. ಚುಚ್ಚಿ ಹೇಳಿದ್ದಲ್ಲ. ಅದಕ್ಕೇ ತಡೆಯಲಾಗಲಿಲ್ಲ. ಮಂಚದ ಅಂಚಿಗೆ ಹಣೆಯಿಟ್ಟು ಅತ್ತೆ. ಅವಳು ಸೂಜಿ ಚುಚ್ಚಿರದ ಕೈಯನ್ನು ನನ್ನ ತಲೆಯ ಮೇಲಿಟ್ಟಳು.

“ಇದು ನಿಜವಾದ ಅಳು” ಎಂದಳು.

“ಅವತ್ತು ಠಾಣೆಗೆ ಬಂದ್ಯಲ್ಲ. ನಾನು ಹೇಳಿದೋನ ಕೈಗೆ ಯಾಕೆ ಕೊಡ್ಲಿಲ್ಲ?”

“ನಿನ್ನ ಮುಖ ನೋಡ್ದೆ ಯಾರ ಕೈಗೆ ಏನು ಕೊಡ್ಲಿ? ಹೆರಿಗೆ ಆಗಿದೆ ಅಂತ ಯಾರೋ ಬಂದು ಹೇಳಿದ್ರೆ ನಾನು ಮಗು ನೋಡದೆ ಹುಟ್ಟಿದ ಚೀಟಿ ಬರೀತಿದ್ನೇ?” ಎಂದಳು. ಆಮೇಲೆ ನಿಧಾನವಾಗಿ, “ಬೊಬ್ಬೆ ವಾಸಿಯಾಯ್ತು. ಅಷ್ಟು ಜನರ ಮುಂದೆ ನಾನು ಪೆದ್ದಿ ಅನ್ನಿಸ್ಕೊಂಡ್ನಲ್ಲ, ಅದು ಆಗ್ಲಿಲ್ಲ” ಎಂದಳು.

“ತಪ್ಪಾಯ್ತು ದೊಡ್ಡಮ್ಮ.”

“ಹೂಂ” ಎಂದಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಗಂಜಿಗೆ ಇನ್ನೊಂದು ಚೂರು ಉಪ್ಪು ಕೇಳಿದಳು.

ಮನೆಗೆ ಬಂದ ಮೇಲೆ ಸೋಮವಾರದ ಮಾತುಗಳನ್ನು ಬಿಟ್ಟೆವು. ಇಬ್ಬರೂ ಕೂತು ಒಂದೇ ಒಂದು ಒಪ್ಪಂದ ಮಾಡಿಕೊಂಡೆವು. ಫೋನಿನಲ್ಲಿ ಯಾರ ಜೊತೆ ಎಷ್ಟು ಹೊತ್ತಾದರೂ ಮಾತಾಡಲಿ. ಆದರೆ ಯಾರೇ ಏನನ್ನಾದರೂ ಕೊಡು ಎಂದರೆ, ಅದು ನಾನೇ ಆಗಿದ್ದರೂ, ಅವಳೇ ಆಗಿದ್ದರೂ, ಮುಖ ನೋಡದೆ ಕೊಡುವುದಿಲ್ಲ. ಬಿದ್ದೆ, ನೋವು, ಆಪತ್ತು ಎಂದು ಯಾರೇ ಅಂದರೂ ಹೋಗಿ ನೋಡುವುದು, ಕಾಲು ನಡೆಯದಿದ್ದರೆ ನಂಬಿಕೆಯವರನ್ನು ಕಳಿಸುವುದು. ದೊಡ್ಡಮ್ಮನ ಕಾಲಾಗಲು ಮರುಳಯ್ಯ ಮೇಷ್ಟ್ರು ಒಪ್ಪಿಕೊಂಡರು. ಅಂದಿನಿಂದ ಅವರು ದಿನಾ ಸಂಜೆ ಕ್ಷೌರ ಮಾಡಿಸಿಕೊಂಡ ಮುಖದಲ್ಲಿ ಬಂದು ಕೂರುತ್ತಿದ್ದರು. ಕುಂಬಾರಗೇರಿಗೆ ನಾನೇ ಹೋಗಿ, ಸಾಕಮ್ಮ ಮತ್ತೆ ಫೋನು ಎತ್ತುತ್ತಾಳೆ ಎಂದು ಹೇಳಿಬಂದೆ. ಮೊದಲ ವಾರ ಯಾರೂ ಮಾಡಲಿಲ್ಲ. ಎರಡನೇ ವಾರ ಒಬ್ಬಳು ಮಾಡಿದಳು. ದೊಡ್ಡಮ್ಮ ನಾಲ್ಕು ಕಾಲಿನ ಕೋಲಿಗೆ ಆತುಕೊಂಡು ನಿಂತೇ ಮುಕ್ಕಾಲು ಗಂಟೆ ಮಾತಾಡಿದಳು. ನಾನು ಹಿಂದೆ ಒಂದು ಕುರ್ಚಿ ತಂದಿಟ್ಟೆ.

ಅವರೆಕಾಯಿ ಕಾಲ ಬಂತು. ಆ ದಿನ ಬೆಳಗ್ಗೆ ಹನ್ನೊಂದು ಗಂಟೆ. ಬ್ಯಾಂಡಿನವರ ಮತ್ತೊಂದು ತಂಡಕ್ಕೆ ಹೊಲಿದ ಒಂಬತ್ತು ಕೋಟುಗಳನ್ನು ಇಸ್ತ್ರಿ ಮಾಡಿ ಅಂಗಡಿಯ ಮುಂಭಾಗದ ಕಂಬಿಗೆ ನೇತುಹಾಕಿದ್ದೆ. ಎರಡು ತಿಂಗಳ ಕೆಲಸ. ಫೋನು ಬಂತು.

“ಕುಮುದಾ, ದೊಡ್ಡಮ್ಮ ಕಣೆ. ಮತ್ತೆ ಬಿದ್ದೆ. ಬೇಗ ಬಾ.”

ನಾನು ಏನನ್ನೂ ಕೇಳಲಿಲ್ಲ. ಕೇಳಿದ್ದರೂ ಉತ್ತರಕ್ಕೆ ಕಾಯುವಷ್ಟು ವ್ಯವಧಾನ ನನ್ನಲ್ಲಿ ಇರಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಓಡಿದೆ. ನಲವತ್ತಾರು ವರ್ಷದ ಹೆಂಗಸು ನಡುಬೀದಿಯಲ್ಲಿ ಓಡುವುದನ್ನು ಜನ ನಿಂತು ನೋಡಿದರು. ಕಾಲು ಗಂಟೆಯ ದಾರಿಯನ್ನು ಆರೇಳು ನಿಮಿಷದಲ್ಲಿ ಮುಗಿಸಿ ಮಹಡಿ ಹತ್ತಿದೆ.

ದೊಡ್ಡಮ್ಮ ಕುರ್ಚಿಯಲ್ಲಿ ಕುಳಿತು, ಮೊರದ ತುಂಬ ಅವರೆಕಾಳು ಹಿಸುಕುತ್ತಿದ್ದಳು. ನನ್ನನ್ನು ಕಂಡು ಹೌಹಾರಿದಳು.

“ಏನಾಯ್ತೇ?”

“ಬಿದ್ದೆ ಅಂತ… ಫೋನ್ ಮಾಡ್ಲಿಲ್ವಾ?”

“ನಾನ್ಯಾಕೆ ಬೀಳ್ಲಿ? ಕೂತಲ್ಲೇ ಇದ್ದೀನಿ.”

ಹೊಸಿಲ ಮೇಲೆಯೇ ಕುಸಿದು ಕುಳಿತು ನೀರು ಕುಡಿದೆ. ಎರಡನೇ ಗುಟುಕಿಗೆ ಅಂಗಡಿ ನೆನಪಾಯಿತು. ಮತ್ತೆ ಓಡಿದೆ. ಓಡುವುದರಲ್ಲಿ ಅರ್ಥವಿರಲಿಲ್ಲ. ಕಂಬಿಯ ಮೇಲೆ ಒಂಬತ್ತು ಬರಿಯ ಹ್ಯಾಂಗರುಗಳಿದ್ದವು. ಎದುರಿನ ಟೀ ಅಂಗಡಿಯವನು, “ನಿಮ್ಮೋರೇ ಅಂದ್ಕೊಂಡೆ ಅಕ್ಕಾ. ಇಬ್ಬರು ಬಂದು ನೀಟಾಗಿ ಮಡಚಿ ತಗೊಂಡು ಹೋದ್ರು” ಎಂದ.

ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತೆ. ಕೋಟು ಹೋದದ್ದಕ್ಕಿಂತ ಹೆಚ್ಚಾಗಿ, ಟೀ ಅಂಗಡಿಯವನು ಇದನ್ನು ಎಷ್ಟು ಜನರಿಗೆ ಹೇಳುತ್ತಾನೋ ಎಂಬ ಯೋಚನೆ. ಛತ್ರದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವಳು ನಾನು. ದೊಡ್ಡಮ್ಮನಿಗೆ ಹೇಳುವುದೇ ಬೇಡ ಎನ್ನಿಸಿತು. ಒಬ್ಬಳೇ ಕೂತು ಮತ್ತೆ ಹೊಲಿದುಕೊಟ್ಟರಾಯಿತು, ಬಾಗಿಲು ಅರ್ಧ ಎಳೆದುಕೊಂಡು, ಯಾರಿಗೂ ಮುಖ ತೋರಿಸದೆ. ಇಷ್ಟು ಯೋಚನೆ ಮಾಡಿದ ಮೇಲೆ, ಮೇಷ್ಟ್ರು ಬಾಗಿಲ ಸಂದಿಯಿಂದ ಪಾತ್ರೆ ಚಾಚುತ್ತಿದ್ದದ್ದು ಯಾಕೆಂದು ನನಗೆ ಮೊದಲ ಸಲ ಅರ್ಥವಾಯಿತು. ಎದ್ದು ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ಅಂದು ದೊಡ್ಡಮ್ಮನಿಗೆ ನೀರು ಕುಡಿಸಿದ ಪೇದೆಯೇ ಬರೆಸಿಕೊಂಡಳು. ಯಾರ ಹೆಸರು ಹೇಳಿ ಫೋನು ಮಾಡಿದರು ಎಂದು ಕೇಳಿದಳು. ಹೇಳಿದೆ. ಅವಳು ತಲೆಯೆತ್ತಿ ನನ್ನನ್ನು ನೋಡಿ ಬರೆದುಕೊಂಡಳು.

ಮನೆಗೆ ಬರುವಷ್ಟರಲ್ಲಿ ಹಿಸುಕಿದ ಬೇಳೆಯ ಸಾರು ಕುದಿಯುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಸೌಟು ಹಿಡಿದುಕೊಂಡೇ ಕೇಳಿದಳು.

“ಒಂಬತ್ತೂ?” ಎಂದಳು.

“ಒಂಬತ್ತೂ.”

“ಗುಂಡಿ ಹಾಕಿದ್ದವಾ?”

“ಹಾಕಿದ್ವು.”

“ಅಯ್ಯೋ, ಆ ಗುಂಡಿ ಹುಡುಕಕ್ಕೆ ಎಷ್ಟು ಅಲೆದಿದ್ದೆ ನೀನು” ಎಂದಳು. ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ತಟ್ಟೆಯಿಟ್ಟು, ಮುದ್ದೆ ಮುರಿದು, ಸಾರು ಬಡಿಸಿದಳು. ನಾನು ಎರಡು ತುತ್ತು ನುಂಗಿದ ಮೇಲೆ, “ನಾಳೆಯಿಂದ ಗುಂಡಿ ನಾನು ಹಾಕ್ಕೊಡ್ತೀನಿ. ಕೈಗೇನಾಗಿದೆ ನಂಗೆ” ಎಂದಳು. ಆಮೇಲೆ ತುಸು ಹೊತ್ತು ನಾನು ಉಣ್ಣುವುದನ್ನೇ ನೋಡುತ್ತ ಕುಳಿತಿದ್ದು ಕೇಳಿದಳು. “ಮತ್ತೆ ಇನ್ನೊಂದು ಸಲ ಹಂಗೇ ಫೋನ್ ಬಂದ್ರೆ ಏನು ಮಾಡ್ತೀಯೆ?”

“ಓಡಿಬರ್ತೀನಿ” ಎಂದೆ.

ದೊಡ್ಡಮ್ಮ ಇನ್ನೊಂದು ಸೌಟು ಸಾರು ಹಾಕಿದಳು.

“ಬಾ. ಬೀಗ ಹಾಕ್ಕೊಂಡು ಬಾ.”